ಗಡಿಯಾಚೆಯ ನೆರೆಮನೆ



ನಿಮ್ಮ ಶಾಲೆಯ ಅಥವಾ ಕಾಲೇಜಿನ ಗೋಡೆಯ ಮೇಲೆ ಕರ್ನಾಟಕದ ಭೂಪಟವೊಂದು ಇದ್ದೇ ಇರುತ್ತದೆ. ಅದರ ಮುಂದೆ ನಿಂತು ಗದಗ ಜಿಲ್ಲೆಯನ್ನು ಹುಡುಕಿ. ಅದರ ನೈಋತ್ಯ ಭಾಗದಲ್ಲಿ ಲಕ್ಷ್ಮೇಶ್ವರ ಸಿಗುತ್ತದೆ. ಲಕ್ಷ್ಮೇಶ್ವರದ ನೆರೆಯಲ್ಲಿ ಅಡರಕಟ್ಟಿ ಎಂಬ ಹಳ್ಳಿ ಇದೆ. ಸಣ್ಣ ಭೂಪಟದಲ್ಲಿ ಅದರ ಹೆಸರು ಸಿಕ್ಕುವುದಿಲ್ಲ. ಪೆನ್ಸಿಲಿನಿಂದ ನೀವೇ ಒಂದು ಚುಕ್ಕೆ ಇಡಬೇಕು. (ಕರ್ನಾಟಕದ ಏಕೀಕರಣಕ್ಕಾಗಿ 1953ರಲ್ಲಿ ಉಪವಾಸ ಕೂತ ಶಂಕರಗೌಡ ಪಾಟೀಲರ ಊರು ಅದರಗುಂಚಿ. ಅದು ಹುಬ್ಬಳ್ಳಿಯ ಹತ್ತಿರದ್ದು. ಅಡರಕಟ್ಟಿ ಬೇರೆ. ಪರೀಕ್ಷೆಯಲ್ಲಿ ಇವೆರಡನ್ನು ಕಲಸಬೇಡಿ.)

ಈಗ ಕೈವಾರ ತೆಗೆದುಕೊಂಡು, ಆ ಚುಕ್ಕೆಯನ್ನು ಕೇಂದ್ರವಾಗಿಟ್ಟುಕೊಂಡು, ಸುಮಾರು 80 ಕಿಲೋಮೀಟರು ತ್ರಿಜ್ಯದ ಒಂದು ವೃತ್ತ ಎಳೆಯಿರಿ. ಇಂದು ಆ ವೃತ್ತದೊಳಗೆ ಬರುವುದೆಲ್ಲವೂ ಕರ್ನಾಟಕವೇ. ಜಿಲ್ಲೆಗಳು ಬೇರೆ ಬೇರೆ ಇರಬಹುದು, ಸರಕಾರ ಒಂದೇ. ಆದರೆ 1947ರ ಭೂಪಟದ ಮೇಲೆ ಇದೇ ವೃತ್ತವನ್ನು ಎಳೆದಿದ್ದರೆ ಏನಾಗುತ್ತಿತ್ತು? ಲಕ್ಷ್ಮೇಶ್ವರ ಮಿರಜ ಸಂಸ್ಥಾನದ ಹಿರಿಯ ಶಾಖೆಗೆ ಸೇರಿದ್ದು. ಮಗ್ಗುಲಿನ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ರೈಲ್ವೆ ನಿಲ್ದಾಣವಿರುವ ಗುಡಗೇರಿ ಮಿರಜದ ಕಿರಿಯ ಶಾಖೆಯದು. ಸವಣೂರಿಗೆ ನವಾಬರು. ಗದಗ, ಹಾವೇರಿಗಳು ಮುಂಬಯಿ ಪ್ರಾಂತ. ತುಂಗಭದ್ರೆ ದಾಟಿದರೆ ಹೂವಿನಹಡಗಲಿ, ಅದು ಮದ್ರಾಸು ಪ್ರಾಂತ. ಮುಂಡರಗಿಯಿಂದ ಪೂರ್ವಕ್ಕೆ ಹೊರಟರೆ ಕೊಪ್ಪಳ ಸೀಮೆ, ಅದು ಹೈದರಾಬಾದಿನ ನಿಜಾಮರದು. ದಕ್ಷಿಣದ ಅಂಚಿನಲ್ಲಿ ಹರಿಹರ, ಅಲ್ಲಿಗೆ ಮೈಸೂರು ಮಹಾರಾಜರ ಆಡಳಿತ. ಎಣಿಸಿ ನೋಡಿ: ಒಂದೇ ವೃತ್ತದಲ್ಲಿ ಎಂಟು ಸರಕಾರಗಳು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಓದಿದ್ದು ಭೌತಶಾಸ್ತ್ರ. ಇತಿಹಾಸವನ್ನು ಕಲಿತದ್ದು ದೂರದರ್ಶನಕ್ಕೆ ಬಂದ ಮೇಲೆ, ಕಾರ್ಯಕ್ರಮ ಮಾಡುತ್ತಾ ಮಾಡುತ್ತಾ. ಹಿಂದೊಮ್ಮೆ ಸ್ವಾತಂತ್ರ್ಯ ಹೋರಾಟವನ್ನು ಕುರಿತ ಮಾತುಕತೆಯೊಂದಕ್ಕೆ ಭೂಪಟ ಸಿದ್ಧಪಡಿಸುವಾಗ, ಹಳೆಯ ಧಾರವಾಡ ಜಿಲ್ಲೆಯನ್ನೆಲ್ಲ ಒಂದೇ ಬಣ್ಣದಲ್ಲಿ ತುಂಬಿಸಿ ‘ಮುಂಬಯಿ ಪ್ರಾಂತ’ ಎಂದು ಬರೆಸಿಬಿಟ್ಟಿದ್ದೆ. ಆ ಭಾಗದ ವೀಕ್ಷಕರು ಪತ್ರ ಬರೆದು ಚೆನ್ನಾಗಿಯೇ ಪಾಠ ಹೇಳಿದರು. ಆ ಬಣ್ಣದ ನಡುವೆ ತೂತುಗಳಿರಬೇಕಿತ್ತು. ಶಿರಹಟ್ಟಿ ಒಂದು ತೂತು, ಲಕ್ಷ್ಮೇಶ್ವರ ಇನ್ನೊಂದು, ಸವಣೂರು ಮತ್ತೊಂದು. ಈ ಲೇಖನದ ಬೀಜ ಬಿದ್ದದ್ದು ಆ ಪತ್ರಗಳಿಂದಲೇ.

ಒಂದು ವಿಚಿತ್ರ ಗಮನಿಸಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳುಗನ್ನಡದ ಸೀಮೆಯನ್ನು ಗುರುತಿಸಲು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ಕೊಪಣ ಎಂದರೆ ಕೊಪ್ಪಳ. ಸಾವಿರ ವರ್ಷಗಳ ಹಿಂದೆ ಒಂದೇ ನುಡಿಯ ತಿರುಳೆನಿಸಿದ್ದ ಈ ಎರಡು ಊರುಗಳು 1947ರಲ್ಲಿ ಬೇರೆ ಬೇರೆ ದೊರೆಗಳಿಗೆ ಸೇರಿದ್ದವು. ಒಂದರ ಹುಕುಂ ಮಿರಜದಿಂದ ಬರಬೇಕು, ಇನ್ನೊಂದರದು ಹೈದರಾಬಾದಿನಿಂದ. ನಾಣ್ಯವೂ ಬೇರೆ. ನಿಜಾಮರ ಸೀಮೆಯಲ್ಲಿ ಚಲಾವಣೆಯಲ್ಲಿದ್ದದ್ದು ಹಾಲಿ ಸಿಕ್ಕಾ; ಅಂಥ ಏಳು ರೂಪಾಯಿ ಕೊಟ್ಟರೆ ನಮ್ಮ ಕಡೆಯ ಸುಮಾರು ಆರು ರೂಪಾಯಿ. ಗಡಿಯಲ್ಲಿ ಸುಂಕದ ಕಟ್ಟೆ ಬೇರೆ. ಗದಗಿನಿಂದ ಹೊಸಪೇಟೆಗೆ ರೈಲು ಹತ್ತಿದವನು ಮುಂಬಯಿ ಪ್ರಾಂತದಲ್ಲಿ ಹೊರಟು, ಕೊಪ್ಪಳದಲ್ಲಿ ನಿಜಾಮರ ನೆಲ ದಾಟಿ, ಮದ್ರಾಸು ಪ್ರಾಂತದಲ್ಲಿ ಇಳಿಯುತ್ತಿದ್ದ. ಕಿಟಕಿಯಾಚೆ ಮಾತ್ರ ಅದೇ ಕರಿ ಎರೆ, ಅದೇ ಜೋಳ, ಅದೇ ಹತ್ತಿ.

ಹಾಗಾದರೆ ಈ ಗಡಿಗಳು ಏನನ್ನು ತಡೆಯುತ್ತಿದ್ದವು, ಏನನ್ನು ಬಿಡುತ್ತಿದ್ದವು? ವಿಜ್ಞಾನದ ವಿದ್ಯಾರ್ಥಿಗಳಿಗೆ ಅರೆಪಾರಕ ಪೊರೆ ಗೊತ್ತು. ಅದು ಒಂದನ್ನು ಹಾಯಗೊಡುತ್ತದೆ, ಇನ್ನೊಂದನ್ನು ತಡೆಯುತ್ತದೆ. ನಮ್ಮ ಗಡಿಗಳೂ ಅಂಥವೇ ಆಗಿದ್ದವು, ಆದರೆ ತಲೆಕೆಳಗಾಗಿ. ಹಸಿವು, ಸಾಲ, ರೋಗ ಇವೆಲ್ಲ ಸಲೀಸಾಗಿ ಹಾಯುತ್ತಿದ್ದವು. ಅವುಗಳಿಗೆ ಮದ್ದಾಗಬೇಕಿದ್ದ ಕಾನೂನು ಮಾತ್ರ ಗಡಿಗೆ ಬಂದು ನಿಂತುಬಿಡುತ್ತಿತ್ತು.

ಎರಡು ಉದಾಹರಣೆ ಕೊಡುತ್ತೇನೆ. ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲು 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಭಾರತದ ಸಹಕಾರ ಚಳವಳಿಯ ಇತಿಹಾಸ ಆರಂಭವಾಗುವುದೇ ಆ ಹಳ್ಳಿಯಿಂದ. ಆದರೆ ಆ ಕಾಯಿದೆ ಬ್ರಿಟಿಷ್ ಹಿಂದುಸ್ತಾನದ್ದು. ನೆರೆಯ ಶಿರಹಟ್ಟಿಯ ರೈತನಿಗೂ ಅದೇ ಸಾಲ, ಅದೇ ಬಡ್ಡಿ. ಕಾಯಿದೆ ಮಾತ್ರ ತಾನಾಗಿಯೇ ಅವನ ಹೊಲಕ್ಕೆ ಬರುವಂತಿರಲಿಲ್ಲ. ಅದಕ್ಕೆ ಸಾಂಗಲಿಯ ದೊರೆಯೇ ಬೇರೆ ಹುಕುಂ ಹೊರಡಿಸಬೇಕಿತ್ತು.

ಇನ್ನೊಂದು ಇದಕ್ಕಿಂತ ನೋವಿನದು. ದೇವರ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರ ಬಾಳನ್ನು ಹಾಳುಮಾಡುವ ಪದ್ಧತಿಯ ವಿರುದ್ಧ ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ಕಾನೂನು ಬಂತು. ಮದ್ರಾಸು ಪ್ರಾಂತದಲ್ಲಿ ಬಂದದ್ದು 1947ರಲ್ಲಿ. ನಡುವಿನ ಹದಿಮೂರು ವರ್ಷ ತುಂಗಭದ್ರೆಯ ಒಂದು ದಡದಲ್ಲಿ ಒಂದು ಕಾನೂನು, ಇನ್ನೊಂದು ದಡದಲ್ಲಿ ಇನ್ನೊಂದು. ಜಾತ್ರೆಗೆ ಹೋಗುವವರಿಗೆ ಹೊಳೆ ದಾಟುವುದು ದೊಡ್ಡ ಮಾತೇ? ಇಡೀ ಕರ್ನಾಟಕಕ್ಕೆ ಅನ್ವಯವಾಗುವ ಒಂದೇ ಕಾನೂನು ಆದದ್ದು 1982ರಲ್ಲಿ. ಕಾನೂನಿನ ಗಡಿಗಳು ಹೀಗೆ ಹರಿದು ಹಂಚಿಹೋದಾಗ ಕೆಡುಕು ಸಂದಿಗಳಲ್ಲಿ ಉಳಿದುಕೊಳ್ಳುತ್ತದೆ.

ಹಾಗೆಂದು ಈ ಗಡಿಗಳನ್ನು ದಾಟಿ ಸರಕಾರಗಳು ಎಂದೂ ಕೈಜೋಡಿಸಲಿಲ್ಲ ಎನ್ನುವಂತಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯನು ಬಂಡೆದ್ದು ಕೊಪ್ಪಳದ ಕೋಟೆ ಹಿಡಿದಾಗ, ಅದು ನಿಜಾಮರ ನೆಲ ಎಂದು ಬ್ರಿಟಿಷ್ ಪಡೆಯೇನೂ ಹೊರಗೆ ನಿಲ್ಲಲಿಲ್ಲ. ಜೂನ್ 1ರಂದು ಭೀಮರಾಯ ಆ ಕೋಟೆಯಲ್ಲಿಯೇ ಮಡಿದ. ಬಂಡಾಯ ಅಡಗಿಸಲು ತೆರೆದುಕೊಂಡ ಗಡಿ, ಬರ ನೀಗಿಸಲು ತೆರೆದುಕೊಳ್ಳಲು ಇನ್ನೂ ಎಂಬತ್ತಾರು ವರ್ಷ ಬೇಕಾಯಿತು. ಆ ಕಥೆಗೆ ಮುಂದೆ ಬರುತ್ತೇನೆ. ಅದಕ್ಕೂ ಮೊದಲು, ಸರಕಾರಗಳಲ್ಲ, ಜನರೇ ಗಡಿಯನ್ನು ತೆರೆದ ಕಾಲವೊಂದನ್ನು ನೋಡೋಣ.

1947ರ ಆಗಸ್ಟ್ 15. ಗದಗಿನಲ್ಲಿ, ಮುಂಡರಗಿಯಲ್ಲಿ ತ್ರಿವರ್ಣ ಧ್ವಜ ಏರಿತು. ಅಲ್ಲಿಂದ ಪೂರ್ವಕ್ಕೆ ನಡೆದು ಹೋಗಬಹುದಾದಷ್ಟು ದೂರದ ಹಳ್ಳಿಗಳಲ್ಲಿ ಅದೇ ಧ್ವಜವನ್ನು ಹಾರಿಸುವುದು ಅಪರಾಧವಾಗಿತ್ತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಸೆರೆಮನೆ ಸೇರಿದರು. ನವೆಂಬರ್ 29ರಂದು ಭಾರತ ಸರಕಾರಕ್ಕೂ ನಿಜಾಮರಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ದೆಹಲಿಗೆ ಅದು ಯಥಾಸ್ಥಿತಿ. ಕೊಪ್ಪಳ, ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳಿಗೆ ಅಲ್ಲ. ಕಾಸಿಂ ರಜ್ವಿಯ ರಜಾಕಾರರ ಹಾವಳಿ ತಿಂಗಳಿಂದ ತಿಂಗಳಿಗೆ ಏರಿತು. ಸುಲಿಗೆಗೆ, ಬೆಂಕಿಗೆ ಹೆದರಿದ ಕುಟುಂಬಗಳು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದವು.

ಇವರು ಬಂದು ಸೇರಿದ್ದು ಎಲ್ಲಿಗೆ? ನಕ್ಷೆಯ ಮೇಲೆ ನೀವು ಎಳೆದ ವೃತ್ತದ ಪೂರ್ವದ ಅಂಚಿಗೆ. ಮುಂಡರಗಿಯಲ್ಲಿ ಒಂದು ಶಿಬಿರ ಏರ್ಪಟ್ಟಿತು. ಅದರ ಮುಂದಾಳು ಕೊಪ್ಪಳ ತಾಲೂಕಿನ ಅಳವಂಡಿಯ ಶಿವಮೂರ್ತಿ ಸ್ವಾಮಿಯವರು. ಇನ್ನಷ್ಟು ಉತ್ತರಕ್ಕೆ ಗಜೇಂದ್ರಗಡದಲ್ಲಿ ಮತ್ತೊಂದು. ಅಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು. ಗಡಿಯುದ್ದಕ್ಕೂ, ಮದ್ರಾಸು ಪ್ರಾಂತದ ಕಡೆಯಲ್ಲೂ ಸೊಲ್ಲಾಪುರದ ಕಡೆಯಲ್ಲೂ, ಇಂಥ ಶಿಬಿರಗಳು ಎದ್ದವು. ಜನ ಇವನ್ನು ‘ಕ್ಯಾಂಪು’ ಎಂದೇ ಕರೆದರು, ಇಂದಿಗೂ ಆ ಭಾಗದಲ್ಲಿ ಅದೇ ಮಾತು.

ಈ ಶಿಬಿರಗಳಿಗೆ ಎರಡು ಮುಖ. ಒಂದು ಮುಖ ನಿಮಗೆ ಪಠ್ಯಪುಸ್ತಕದಲ್ಲಿ ಸಿಗುತ್ತದೆ: ತರುಣರು ಬಂದೂಕು ಹಿಡಿಯಲು ಕಲಿತದ್ದು, ಗಡಿ ದಾಟಿ ಹೋಗಿ ನಿಜಾಮರ ಸುಂಕದ ಕಟ್ಟೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದ್ದು. ಇನ್ನೊಂದು ಮುಖದ ಬಗ್ಗೆ ಬರೆದವರು ಕಡಿಮೆ. ಮನೆ ಬಿಟ್ಟು ಬಂದವರಿಗೆ ಉಣ್ಣಲಿಕ್ಕೆ ಬೇಕಲ್ಲ?

ನಾನು ಲೆಕ್ಕದ ಮನುಷ್ಯ, ಒಂದು ಲೆಕ್ಕ ಮಾಡೋಣ. ಒಂದು ಊರಿಗೆ ಇನ್ನೂರೇ ಜನ ಬಂದರು ಎಂದಿಟ್ಟುಕೊಳ್ಳಿ. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಜೋಳ. ಇನ್ನೂರು ಜನಕ್ಕೆ ದಿನಕ್ಕೆ ನೂರು ಕಿಲೋ, ಅಂದರೆ ದಿನಕ್ಕೊಂದು ಚೀಲ. 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರಿನವರೆಗೆ ಹದಿಮೂರು ತಿಂಗಳು. ಆಗ ಸುಮಾರು ನಾನೂರು ಚೀಲ ಜೋಳ. ಇದು ಮಹಾಯುದ್ಧ ಮುಗಿದ ಮೇಲಿನ ಅಭಾವದ ಕಾಲ. ಧಾನ್ಯಕ್ಕೆ ನಿಯಂತ್ರಣ, ಪಡಿತರ ಚೀಟಿ. ಮುಂಡರಗಿ ಸೀಮೆಯೋ, ಮಳೆ ಕೈಕೊಟ್ಟರೆ ತನಗೇ ಸಾಲದ ಮಳೆನೆರಳಿನ ನೆಲ. ಜೋಳ ತಂದರೆ ಮುಗಿಯಲಿಲ್ಲ. ಅದನ್ನು ಬೀಸುವವರು ಬೇಕು, ರೊಟ್ಟಿ ಬಡಿಯುವವರು ಬೇಕು, ನೀರು ಹೊರುವವರು ಬೇಕು. ಒಬ್ಬರಿಗೆ ಹೊತ್ತಿಗೆ ಮೂರು ರೊಟ್ಟಿ, ಎರಡು ಹೊತ್ತು ಎಂದರೂ ದಿನಕ್ಕೆ ಸಾವಿರದ ಇನ್ನೂರು ರೊಟ್ಟಿ. ಶಿಬಿರದ ಮುಖಂಡರ ಹೆಸರು ಇತಿಹಾಸದಲ್ಲಿ ಉಳಿದಿದೆ, ಅದು ಸರಿಯಾದದ್ದೇ. ಶಿವಮೂರ್ತಿ ಸ್ವಾಮಿಯವರನ್ನು ಜನ 1952ರಲ್ಲಿ ಮೊದಲ ಲೋಕಸಭೆಗೇ ಕಳಿಸಿದರು, ಅದೂ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ. ರೊಟ್ಟಿ ಬಡಿದವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಯಾಕೆ ಅವರು ಬಾಗಿಲು ತೆರೆದರು? ದೇಶಭಕ್ತಿ ಎಂಬ ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದು. ನನಗನ್ನಿಸುವುದು ಬೇರೆ. ಅಳವಂಡಿಗೂ ಮುಂಡರಗಿಗೂ ಹೆಣ್ಣು ಕೊಟ್ಟು ತಂದ ಸಂಬಂಧವಿತ್ತು, ಸಂತೆಯ ಬಳಕೆಯಿತ್ತು, ಒಂದೇ ಮಠಕ್ಕೆ ನಡೆದುಕೊಳ್ಳುವ ಮನೆತನಗಳಿದ್ದವು. ಗಡಿ ಎಂಬುದು ಹೈದರಾಬಾದಿಗೂ ಮುಂಬಯಿಗೂ ನಡುವಿನದು. ಈ ಎರಡು ಊರುಗಳ ನಡುವೆ ಇದ್ದದ್ದು ದಾರಿ. ಬಂದವರು ಅವರಿಗೆ ನಿರಾಶ್ರಿತರಾಗುವುದಕ್ಕೆ ಮೊದಲೇ ಬೀಗರಾಗಿದ್ದರು.

ಈ ನಡುವೆ ನಕ್ಷೆ ಬದಲಾಗುತ್ತಿತ್ತು. 1948ರ ಮಾರ್ಚ್ 8ರಂದು ಸಾಂಗಲಿ, ಮಿರಜ, ಸವಣೂರು ಮೊದಲಾದ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನನ್ನ ಭೂಪಟದ ತೂತುಗಳು ತುಂಬಿಕೊಂಡದ್ದು ಅಂದು. ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ನಡುವಿನ ಗಡಿ ಒಂದು ತೊಟ್ಟು ರಕ್ತವೂ ಸುರಿಯದೆ ಅಳಿಸಿಹೋಯಿತು. ಕೊಪ್ಪಳದ ಗಡಿ ಮಾತ್ರ ಇನ್ನೂ ಆರು ತಿಂಗಳು ಉರಿಯಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿತು. 17ರಂದು ನಿಜಾಮರು ಶರಣಾಗತಿ ಸಾರಿದರು. ಕ್ಯಾಂಪಿನ ಕುಟುಂಬಗಳು ಗಾಡಿ ಹೂಡಿ ಊರಿಗೆ ಮರಳಿದವು. ಕಲ್ಯಾಣ ಕರ್ನಾಟಕದಲ್ಲಿ ಇಂದಿಗೂ ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜ ಏರಿಸುತ್ತಾರೆ.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಮುಗಿದದ್ದರಿಂದ ನಾವೂ ಇಲ್ಲಿಗೇ ನಿಲ್ಲಿಸಿದ್ದೆವು. ಆದರೆ ಬರಹದಲ್ಲಿ ಗಡಿಯಾರದ ನೆಪ ಹೇಳುವಂತಿಲ್ಲ.

ತೆರೆದ ಗಡಿಯಲ್ಲಿ ಆಸರೆ ಬೇಡಿದವರು ಒಂದು ದಿಕ್ಕಿಗೆ ಬಂದಿದ್ದರು. ಸೆಪ್ಟೆಂಬರಿನ ನಂತರ ಇನ್ನೊಂದು ದಿಕ್ಕಿಗೆ ಸೇಡು ಹೋಯಿತು. ರಜಾಕಾರರು ಮಾಡಿದ್ದಕ್ಕೆ ಬೆಲೆ ತೆತ್ತವರು ಬಹುಪಾಲು ರಜಾಕಾರರಲ್ಲದ ಸಾಮಾನ್ಯ ಮುಸಲ್ಮಾನರು. ಭಾರತ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ 1948ರ ನವೆಂಬರ್-ಡಿಸೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದ ಹಳ್ಳಿಗಳನ್ನು ಸುತ್ತಿ ವರದಿ ಕೊಟ್ಟಿತು. ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಪ್ರಾಣ ಕಳೆದುಕೊಂಡರು ಎಂಬುದು ಅದರ ಅಂದಾಜು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕನ್ನಡದ ಬೀದರ, ಗುಲಬರ್ಗಾಗಳು ಇದ್ದವು. ಗಡಿಯಾಚೆಯ ಸೊಲ್ಲಾಪುರದಂಥ ಊರುಗಳಿಂದ ಬಂದ ಶಸ್ತ್ರಧಾರಿಗಳೂ ಇದರಲ್ಲಿ ಸೇರಿದ್ದರೆಂದು ವರದಿ ಹೇಳುತ್ತದೆ. ಈ ವರದಿಯನ್ನು ದಶಕಗಳ ಕಾಲ ಪ್ರಕಟಿಸಲೇ ಇಲ್ಲ.

ಇದನ್ನು ನಿಮಗೆ ಹೇಳುವುದು ಯಾರ ಮೇಲೂ ಸಿಟ್ಟು ಬರಲಿ ಎಂದಲ್ಲ. ಇತಿಹಾಸವನ್ನು ಓದುವವರು ಒಂದೇ ಬಣ್ಣದಲ್ಲಿ ಭೂಪಟ ತುಂಬಬಾರದು. ಆ ತಪ್ಪನ್ನು ಒಮ್ಮೆ ಮಾಡಿದವನು ನಾನು. ಗಡಿಯ ಇನ್ನೊಂದು ಬದಿಯಲ್ಲಿ ರಜಾಕಾರರನ್ನು ವಿರೋಧಿಸಿ ಪ್ರಾಣ ತೆತ್ತ ಮುಸಲ್ಮಾನರಿದ್ದರು. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆ ಮಾಡಿದ್ದು ಅವರ ಬರಹಕ್ಕಾಗಿ. ಸುಂದರಲಾಲರ ವರದಿಯಲ್ಲಿಯೇ ಇನ್ನೊಂದು ಸಂಗತಿ ಇದೆ, ನನ್ನ ಮನಸ್ಸಿನಲ್ಲಿ ನಿಂತದ್ದು ಅದು. ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳು ಹಲವೆಡೆ ಇದ್ದರು. ಒಂದೇ ಕಸುಬಿನವರ ನಡುವೆ ಈ ಅಂತಃಕರಣ ಹೆಚ್ಚಾಗಿ ಕಂಡಿತು. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ರಕ್ಷಿಸಲು ಹೋಗಿ ತಾವೇ ಜೀವ ಕಳೆದುಕೊಂಡರು. ಬೆಟಗೇರಿಯ ಮಗ್ಗದ ಸದ್ದು ಕೇಳುತ್ತಾ ಬೆಳೆದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸು ಹೊಕ್ಕಿಗೆ ಜಾತಿ ಧರ್ಮ ಗೊತ್ತಿಲ್ಲ. ಅರ್ಧ ನೆಯ್ದ ಸೀರೆ ಬಿಟ್ಟು ಹೋದವನ ಮಗ್ಗ ಏನಾಗುತ್ತದೆ ಎಂಬುದು ಇನ್ನೊಬ್ಬ ನೇಕಾರನಿಗೆ ಮಾತ್ರ ಗೊತ್ತು.

ಈಗ ಬರದ ಕಥೆ. ತುಂಗಭದ್ರೆಯ ಎರಡೂ ದಡಗಳು ಬರದ ನಾಡು. 1876ರಿಂದ 1878ರವರೆಗೆ ಬಿದ್ದ ಬರವನ್ನು ಅದು ಬಂದ ಸಂವತ್ಸರದ ಹೆಸರಿನಿಂದ ‘ಧಾತು ಬರ’ ಎನ್ನುತ್ತಾರೆ. ಮದ್ರಾಸು ಪ್ರಾಂತದಲ್ಲಿ ಬಳ್ಳಾರಿ, ಮುಂಬಯಿ ಪ್ರಾಂತದಲ್ಲಿ ಧಾರವಾಡ, ನಿಜಾಮರಲ್ಲಿ ರಾಯಚೂರು, ಜೊತೆಗೆ ಮೈಸೂರು, ಹೀಗೆ ಯಾವ ಗಡಿಯನ್ನೂ ಕೇಳದೆ ಲಕ್ಷಾಂತರ ಜನರನ್ನು ಅದು ಬಲಿ ತೆಗೆದುಕೊಂಡಿತು. ನದಿಗೆ ಅಡ್ಡಕಟ್ಟೆ ಕಟ್ಟಬೇಕು ಎಂಬ ಸಲಹೆಯನ್ನು ಅದಕ್ಕೂ ಮೊದಲೇ, 1860ರಲ್ಲಿ, ಇಂಜಿನಿಯರ್ ಸರ್ ಆರ್ಥರ್ ಕಾಟನ್ ಕೊಟ್ಟಿದ್ದರು. ಆದರೆ ಒಂದು ದಡ ನಿಜಾಮರದು, ಇನ್ನೊಂದು ಬ್ರಿಟಿಷರದು. ಆಣೆಕಟ್ಟನ್ನು ಒಂದೇ ದಡದಿಂದ ಕಟ್ಟಲು ಬರುತ್ತದೆಯೇ? ನೀರಿನಲ್ಲಿ ನಿನಗೆಷ್ಟು ನನಗೆಷ್ಟು ಎಂಬ ಮಾತುಕತೆಯಲ್ಲೇ ಎಂಬತ್ತು ವರ್ಷ ಕಳೆಯಿತು.

ಕೊನೆಗೆ 1944ರ ಜೂನ್ ತಿಂಗಳಲ್ಲಿ ಮದ್ರಾಸು ಮತ್ತು ಹೈದರಾಬಾದ್ ಸರಕಾರಗಳು ಒಪ್ಪಂದಕ್ಕೆ ಬಂದವು: ಇಬ್ಬರಿಗೂ ತಲಾ 65 ಟಿ.ಎಂ.ಸಿ. ನೀರು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ ನಡೆಯಿತು. ಹೊಸಪೇಟೆಯ ಬದಿಯ ಅರ್ಧವನ್ನು ಮದ್ರಾಸಿನವರು, ಮುನಿರಾಬಾದ್ ಬದಿಯ ಅರ್ಧವನ್ನು ಹೈದರಾಬಾದಿನವರು ಕಟ್ಟಬೇಕು. ಒಂದೇ ಗೋಡೆ, ಎರಡು ಸರಕಾರ. ಇದರಲ್ಲಿ ಎಷ್ಟು ಜಗಳ ಸಾಧ್ಯವೋ ನೀವೇ ಊಹಿಸಿ. ತಾಂತ್ರಿಕ ವಿಷಯಗಳಲ್ಲಿ ಎರಡು ಕಡೆಯ ಇಂಜಿನಿಯರುಗಳಿಗೆ ಒಮ್ಮತವಾಗಲಿಲ್ಲ. ಅಷ್ಟರಲ್ಲಿ 1947 ಬಂತು. ಒಂದು ಬದಿ ಸ್ವತಂತ್ರ ಭಾರತ, ಇನ್ನೊಂದು ಬದಿ ಭಾರತಕ್ಕೆ ಸೇರಲೊಲ್ಲದ ನಿಜಾಮರ ರಾಜ್ಯ. ಮುಂಡರಗಿಯ ಕ್ಯಾಂಪಿನಲ್ಲಿ ರೊಟ್ಟಿ ಬೇಯುತ್ತಿದ್ದ ಅದೇ ತಿಂಗಳುಗಳಲ್ಲಿ, ಅದೇ ನದಿಯ ಕೆಳಗಿನ ಪಾತ್ರದಲ್ಲಿ, ಈ ಇಬ್ಬರ ಅರ್ಧಂಬರ್ಧ ಗೋಡೆ ನಿಂತಿತ್ತು. 1949ರ ಆರಂಭದವರೆಗೂ ಕೆಲಸ ಕುಂಟಿತು. ಅನಂತರ ವೇಗ ಬಂತು. 1953ರ ಜುಲೈನಲ್ಲಿ ನೀರು ನಿಲ್ಲಿಸಲು ಆರಂಭಿಸಿದರು. ಬಹುಪಾಲು ಸಿಮೆಂಟಿನ ಬದಲು ಸುಣ್ಣ-ಸುರ್ಕಿಯ ಗಾರೆಯಲ್ಲಿ ಕಟ್ಟಿದ ಗೋಡೆ ಅದು; 33 ಬಾಗಿಲು, ಆಗಿನ ಸಾಮರ್ಥ್ಯ 133 ಟಿ.ಎಂ.ಸಿ. ಮುಳುಗಡೆಯಾದ ಹಳ್ಳಿಗಳು ಸುಮಾರು 90, ಮನೆಮಠ ಕಳೆದುಕೊಂಡವರು 54 ಸಾವಿರಕ್ಕೂ ಹೆಚ್ಚು. ನೀರುಂಡವರು ಒಬ್ಬರು, ಮುಳುಗಿದವರು ಇನ್ನೊಬ್ಬರು ಎಂಬುದನ್ನೂ ಸಹಕಾರದ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಅದೇ 1953ರಲ್ಲಿ ಮದ್ರಾಸಿನಿಂದ ಆಂಧ್ರ ಬೇರೆಯಾಯಿತು, ಬಳ್ಳಾರಿ ಮೈಸೂರಿಗೆ ಬಂತು. ಆಣೆಕಟ್ಟಿನ ಒಡೆಯರು ಯಾರು? ಅದಕ್ಕಾಗಿ ತುಂಗಭದ್ರಾ ಮಂಡಳಿ ರಚನೆಯಾಯಿತು. ಮುಂದೆ 1956ರ ನವೆಂಬರ್ 1ರಂದು ಕೊಪ್ಪಳ, ಗದಗ, ಹಡಗಲಿ ಎಲ್ಲವೂ ಒಂದೇ ರಾಜ್ಯದೊಳಗೆ ಬಂದು, ನಿಮ್ಮ ವೃತ್ತದೊಳಗಿನ ಎಂಟು ಸರಕಾರಗಳು ಒಂದಾದವು. ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಒಪ್ಪಂದಕ್ಕೆ ಸಹಿ ಹಾಕಿದ ಸರಕಾರಗಳು ಹೋದರೂ ಮಂಡಳಿ ಉಳಿಯಿತು. ಇಂದು ಅದರಲ್ಲಿ ಕರ್ನಾಟಕ, ಆಂಧ್ರ ಪ್ರದೇಶ, ತೆಲಂಗಾಣ ಮತ್ತು ಕೇಂದ್ರದ ಪ್ರತಿನಿಧಿಗಳಿದ್ದಾರೆ.

ಗಡಿ ಮೀರಿದ ಕೆಲಸಕ್ಕೆ ಇಂಥ ಏರ್ಪಾಡು ಯಾಕೆ ಬೇಕು ಎಂಬುದನ್ನು ತಿಳಿಯಲು ನಾರುಹುಣ್ಣಿನ ಕಥೆಯಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ನಿಮ್ಮ ಅಜ್ಜ ಅಜ್ಜಿಯರಿಗೆ ಇದು ಗೊತ್ತಿರಬಹುದು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೂಕ್ಷ್ಮ ಜಲಚರದ ಮೂಲಕ ಹುಳುವಿನ ಮರಿ ಹೊಟ್ಟೆ ಸೇರುತ್ತದೆ. ಸುಮಾರು ಒಂದು ವರ್ಷದ ಮೇಲೆ ದಾರದಂಥ ಹುಳು ಕಾಲಿನ ಹುಣ್ಣಿನಿಂದ ಹೊರಬರುತ್ತದೆ. ಉರಿ ತಾಳದೆ ಕಾಲನ್ನು ಬಾವಿಯಲ್ಲಿ ಅದ್ದಿದರೆ ಸಾವಿರಾರು ಮರಿಗಳು ನೀರು ಸೇರುತ್ತವೆ. ಈ ವರ್ಷ ಒಂದು ರಾಜ್ಯದಲ್ಲಿ ನೀರು ಕುಡಿದ ಕೂಲಿಕಾರ ಬರುವ ವರ್ಷ ಇನ್ನೊಂದು ರಾಜ್ಯದ ಬಾವಿಗೆ ಇಳಿಯಬಹುದು. ಒಂದು ರಾಜ್ಯ ತನ್ನ ಬಾವಿಗಳನ್ನಷ್ಟೇ ಸರಿಪಡಿಸಿದರೆ ಏನು ಬಂತು? ಆದ್ದರಿಂದ 1983ರ ಹೊತ್ತಿಗೆ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಕರ್ನಾಟಕವೂ ಸೇರಿ ಏಳು ರಾಜ್ಯಗಳನ್ನು ಒಟ್ಟಿಗೇ ಹಿಡಿದುಕೊಂಡಿತು. ಲಸಿಕೆ ಇಲ್ಲ, ಔಷಧ ಇಲ್ಲ; ಇದ್ದದ್ದು ನೀರು ಸೋಸುವ ಬಟ್ಟೆ, ಕೊಳವೆ ಬಾವಿ, ಮನೆ ಮನೆ ಸುತ್ತುವ ಕಾರ್ಯಕರ್ತರು. 1996ರ ಜುಲೈಯಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ತುಂಗಭದ್ರೆಗೆ ಮರಳೋಣ. 2024ರ ಆಗಸ್ಟ್ 10ರ ರಾತ್ರಿ ಆಣೆಕಟ್ಟಿನ 19ನೆಯ ಬಾಗಿಲಿನ ಸರಪಳಿ ಕಡಿದು ಬಾಗಿಲು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಹೂಳು ತುಂಬಿ ಸಾಮರ್ಥ್ಯ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ, ಅದೂ ಹರಿದುಹೋದರೆ ಮೂರು ರಾಜ್ಯಗಳ ಬೆಳೆ ಹೋಯಿತು. ಒಂದು ಬಾಗಿಲಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ನೀರು ಹೋಗುತ್ತಿರುವಾಗಲೇ, ಆ ರಭಸದಲ್ಲಿಯೇ, ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚುವ ಉಪಾಯ ಹೇಳಿದವರು ಆಂಧ್ರದ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು. ಹಲಗೆ ಸಿದ್ಧವಾದದ್ದು ಹೊಸಪೇಟೆ ಸುತ್ತಿನ ಕಾರ್ಖಾನೆಗಳಲ್ಲಿ. ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿತು. ನೀರಿನ ಪಾಲಿಗಾಗಿ ನ್ಯಾಯಾಧಿಕರಣದ ಮುಂದೆ ವಾದಿಸುವ ರಾಜ್ಯಗಳು ಆ ಒಂದು ವಾರ ಒಂದೇ ಬಾಗಿಲಿಗೆ ಹೆಗಲು ಕೊಟ್ಟವು. ಟಿ.ವಿ.ಯಲ್ಲಿ ಆ ದೃಶ್ಯ ನೋಡುವಾಗ ನನಗೆ 1945ರ ಎರಡು ಅರ್ಧಗಳ ಗೋಡೆ ನೆನಪಾಯಿತು.

ಇನ್ನು ನಿಮಗೊಂದು ಕೆಲಸ. ಅಡರಕಟ್ಟಿ, ಲಕ್ಷ್ಮೇಶ್ವರ, ಶಿರಹಟ್ಟಿ ಭಾಗದವರಾದರೆ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಹೊಲದ ಕಾಗದಪತ್ರ ಹುಡುಕಿ. 1948ಕ್ಕಿಂತ ಹಿಂದಿನದಾದರೆ ಮಿರಜ ಅಥವಾ ಸಾಂಗಲಿ ಸಂಸ್ಥಾನದ ಮುದ್ರೆ ಇರಬಹುದು. ಕೊಪ್ಪಳ ಸೀಮೆಯವರಾದರೆ ಹಾಲಿ ಸಿಕ್ಕಾ ನಾಣ್ಯ ಕೇಳಿ ನೋಡಿ. ಮುಂಡರಗಿ, ಗಜೇಂದ್ರಗಡದವರಿಗೆ ಬೇರೆ ಪ್ರಶ್ನೆ. ಕ್ಯಾಂಪಿನ ಕಾಲದಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಆಚೀಚೆ ಇದ್ದಾರೆ, ಕಾಲ ಹೆಚ್ಚಿಲ್ಲ. ಯಾರ ಮನೆಯಲ್ಲಿ ಜೋಳ ಬೀಸಿದರು, ಯಾರ ಒಲೆಯ ಮೇಲೆ ರೊಟ್ಟಿ ಬೆಂದಿತು ಎಂದು ಅವರನ್ನು ಕೇಳಿ. ಒಂದು ಹೆಸರು ಸಿಕ್ಕರೂ ಬರೆದಿಟ್ಟುಕೊಳ್ಳಿ, ನಮಗೂ ಒಂದು ಕಾರ್ಡು ಹಾಕಿ.